ಕಳೆದರೆ ಉಳಿಯುವುದು ಬೆಕ್ಕು

ಮರ್ವಿನ್ ಪಾಸ್ಕೋ ಅವರ ಪ್ಯಾಂಟು ಕಳಚಿ ಬಿದ್ದದ್ದನ್ನು ಕಣ್ಣಾರೆ ಕಂಡ ನಲವತ್ತಮೂರು ಮಂದಿಯಲ್ಲಿ ನಾನೂ ಒಬ್ಬ. ಆಗಸ್ಟ್ ತಿಂಗಳ, ಅಂದರೆ ಇಲ್ಲಿಯ ಚಳಿಗಾಲದ, ಒಂದು ಕೊರೆಯುವ ಮಧ್ಯಾಹ್ನ, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಉತ್ತರ ದಂಡೆಯ ನಮ್ಮ ಕ್ಯಾಲ್ಡರ್ ಕೊಲ್ಲಿಯ ಗ್ರಂಥಾಲಯದಲ್ಲಿ ‘ಬೆಕ್ಕಿನ ಮುಪ್ಪು’ ಎಂಬ ವಿಷಯದ ಮೇಲೆ ಅವರ ಉಪನ್ಯಾಸವಿತ್ತು. ನಿವೃತ್ತ ಪಶುವೈದ್ಯರಾದ ಪಾಸ್ಕೋ ತಮ್ಮ ಬಚ್ಚಲುಮನೆಯ ತೂಕದ ಯಂತ್ರವನ್ನೇ ಕಂಕುಳಲ್ಲಿಟ್ಟುಕೊಂಡು ಬಂದು, ಅದನ್ನು ನೆಲದ ಮೇಲಿರಿಸಿ, ಹನ್ನೆರಡು ವರ್ಷದ ಬೂದುಬಣ್ಣದ ಬೆಕ್ಕು ಡಚೆಸ್ಸಳನ್ನು ಎದೆಗವಚಿಕೊಂಡು ಮೇಲೆ ನಿಂತರು. ಬೆಕ್ಕನ್ನು ಮನೆಯಲ್ಲಿ ತೂಗುವ ಬಗೆ ಇದೊಂದೇ: ಎತ್ತಿಕೊಂಡು ಒಮ್ಮೆ ನಿಲ್ಲಬೇಕು, ಇಳಿಸಿ ಒಮ್ಮೆ ನಿಲ್ಲಬೇಕು, ಮೊದಲ ಅಂಕಿಯಿಂದ ಎರಡನೆಯದನ್ನು ಕಳೆಯಬೇಕು, ಉಳಿದದ್ದು ಬೆಕ್ಕು. ಅವರು ಗಂಭೀರ ಕಂಠದಲ್ಲಿ ‘ಕಳೆಯಿರಿ’ ಎಂದರು ನೋಡಿ, ಆ ಅಪ್ಪಣೆ ತನಗೇ ಆಯಿತೆಂದು ಭಾವಿಸಿದಂತೆ ಪ್ಯಾಂಟು ಸೊಂಟವನ್ನು ತ್ಯಜಿಸಿ ಪಾದಮೂಲವನ್ನು ಸೇರಿತು.

ಸಭೆ ಬೆಕ್ಕಸಬೆರಗಾಯಿತು. ಬೆಕ್ಕು ಮಾತ್ರ ಬೆರಗಾಗಲಿಲ್ಲ. ಬೇರೆ ಯಾರೇ ಆಗಿದ್ದರೂ ಬೆಕ್ಕನ್ನು ಬಿಸಾಡಿ ಮಾನವನ್ನು ಹಿಡಿಯುತ್ತಿದ್ದರು. ಪಾಸ್ಕೋ ಹಿಡಿದ ಬೆಕ್ಕನ್ನು ಬಿಡುವ ಪೈಕಿಯಲ್ಲ.

“ಮರ್ವ್, ಪ್ಯಾಂಟು!” ಎಂದು ಮುಂದಿನ ಸಾಲಿನಿಂದ ಗ್ರಂಥಪಾಲಕಿ ನೊರೀನ್ ಕಿರುಚಿದರು.

“ಗೊತ್ತು ಕಣೇ, ಗಾಳಿ ಬರ್ತಿದೆ,” ಎಂದರು ಪಾಸ್ಕೋ, ಕಣ್ಣನ್ನು ಅಂಕಿಯಿಂದ ಕದಲಿಸದೆ. “ಪ್ಯಾಂಟು ಇನ್ನೂ ಯಂತ್ರದ ಮೇಲೇ ಇದೆಯಲ್ಲ, ಲೆಕ್ಕ ತಪ್ಪಿಲ್ಲ. ಎಪ್ಪತ್ತೊಂಬತ್ತು ಪಾಯಿಂಟ್ ಎರಡು. ಬರ್ಕೊಳ್ಳಿ ಎಲ್ಲಾರೂ.”

ನಾವು ಬರೆದುಕೊಂಡೆವು. ಆಮೇಲೆ ಅವರು ಬೆಕ್ಕನ್ನು ನೊರೀನ್ ಅವರ ಮಡಿಲಿಗೆ ಒಪ್ಪಿಸಿ, ಪ್ಯಾಂಟನ್ನು ಏರಿಸಿ, ಒಂದು ಕೈಯಲ್ಲಿ ಅದನ್ನು ಬಿಗಿಹಿಡಿದು ಇನ್ನೊಮ್ಮೆ ನಿಂತರು. ಎಪ್ಪತ್ತೈದು. ಉಳಿದದ್ದು ನಾಲ್ಕು ಪಾಯಿಂಟ್ ಎರಡು, ಡಚೆಸ್, ಪರಮ ಆರೋಗ್ಯ. ಚಪ್ಪಾಳೆ ಬಿತ್ತು. ಎಲ್ಲರೂ ಚಹಾ ಕುಡಿದು, ಕೊಬ್ಬರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು ತಿಂದು, ವಾರಗಟ್ಟಲೆ ಆಡಿಕೊಳ್ಳುವುದಕ್ಕೆ ಒಂದು ಕಥೆ ಸಿಕ್ಕಿತೆಂದು ಸಂತೋಷದಿಂದ ಮನೆಗೆ ಹೋದರು. ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ. ನಕ್ಕ ಮೇಲೆ, ಪ್ಯಾಂಟು ಬಿದ್ದದ್ದೇಕೆ ಎಂದು ಯಾರೂ ಕೇಳಲಿಲ್ಲವಲ್ಲ, ಅದನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಪಾಸ್ಕೋ ನನ್ನ ಬೇಲಿಯಾಚೆಯ ನೆರೆಯವರು. ಇಲ್ಲಿಯ ಶಾಲೆಯಲ್ಲಿ ಲೆಕ್ಕ ಕಲಿಸಲು ನಾನು ಬಂದಿಳಿದ ದಿನ, ಈಗ್ಗೆ ಇಪ್ಪತ್ತೆರಡು ವರ್ಷದ ಕೆಳಗೆ, ಅವರು ಬೇಲಿಯ ಪಕ್ಕದಲ್ಲಿ ನಿಂತು ನನ್ನ ಕಡೆ ನೇರವಾಗಿ ನೋಡದೆ, ಅರೆ ಪಕ್ಕಕ್ಕೆ ತಿರುಗಿ, ಎರಡೂ ಕಣ್ಣುಗಳನ್ನು ನಿಧಾನವಾಗಿ ಮುಚ್ಚಿ ನಿಧಾನವಾಗಿ ತೆರೆದರು. ನಿದ್ದೆಗೆಟ್ಟವರ ತೂಕಡಿಕೆ ಎಂದುಕೊಂಡೆ. ಅದು ಬೆಕ್ಕುಗಳ ಲೋಕದಲ್ಲಿ ಅಭಯಹಸ್ತವೆಂದು, ‘ನಿನ್ನಿಂದ ನನಗೆ ಭಯವಿಲ್ಲ, ನನ್ನಿಂದ ನಿನಗೂ ಬೇಡ’ ಎಂಬುದರ ಕಣ್ಣುಭಾಷೆಯೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅವರ ನಡಿಗೆಯೂ ಹಾಗೇ. ಯಾರ ಎದುರಿಗೂ ನೆಟ್ಟಗೆ ಬರುವವರಲ್ಲ. ಬೇಲಿಗೆ ಭುಜ ತಾಗಿಸಿಕೊಂಡು, ಬೇರೆಲ್ಲಿಗೋ ಹೊರಟವರಂತೆ ಓರೆಯಾಗಿ ಬಂದು, ನಿಮಗೆ ಅರಿವಾಗುವಷ್ಟರಲ್ಲಿ ಪಕ್ಕದಲ್ಲಿರುತ್ತಾರೆ. ಮೈಮೇಲೆ ಸದಾ ಒಂದು ಹಸಿರು ಉಣ್ಣೆಯ ಕೋಟು. ಅದರ ಎಡತೋಳು ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತ್ತು. ಹೊಲಿಸಬಾರದೇ ಎಂದರೆ, “ಹರಿದಿರೋದಲ್ಲ ಅದು, ಸಹಿ. ಎಂಬತ್ತೊಂಬತ್ತನೇ ಇಸವೀಲಿ ಒಂದು ಗಂಡು ಬೆಕ್ಕು ಹಾಕಿದ್ದು,” ಎಂದು ಪ್ರಶಸ್ತಿಪತ್ರ ತೋರಿಸುವವರಂತೆ ತೋಳನ್ನು ಚಾಚುತ್ತಿದ್ದರು.

ನಲವತ್ತೊಂದು ವರ್ಷ ಈ ಸೀಮೆಯ ಹಸು, ಕುರಿ, ನಾಯಿ, ಬೆಕ್ಕುಗಳನ್ನು ನೋಡಿ, ಎಪ್ಪತ್ತಾದಾಗ ಆಸ್ಪತ್ರೆಯನ್ನು ಮಾರಿ, ಪರವಾನಗಿಯನ್ನು ಹಿಂದಿರುಗಿಸಿದರು. ವೃತ್ತಿ ಹೋಯಿತು, ವೃತ್ತ ಉಳಿಯಿತು. ದಿನಾ ಬೆಳಗ್ಗೆ ಒಂಬತ್ತಕ್ಕೆ ಹೊರಟು ಐದು ಬೀದಿಗಳನ್ನು ಸುತ್ತಿ, ಯಾವ ಕಿಟಕಿಯಲ್ಲಿ ಯಾವ ಬೆಕ್ಕು ಯಾವ ಭಂಗಿಯಲ್ಲಿ ಕುಳಿತಿದೆ ಎಂದು ನೋಡಿಕೊಂಡು ಬರುವುದೇ ನಿವೃತ್ತಿಯ ನಿತ್ಯಕರ್ಮವಾಯಿತು. “ಈಗ ನಾನು ಮುಟ್ಟೋ ಡಾಕ್ಟರಲ್ಲ, ನೋಡೋ ಡಾಕ್ಟರು,” ಎನ್ನುತ್ತಿದ್ದರು. ನೋಡಿ ಸುಮ್ಮನಿರುತ್ತಿದ್ದರೆ ಯಾರಿಗೂ ತಕರಾರಿರಲಿಲ್ಲ. ಮೀನಂಗಡಿಯ ಬಿಳಿ ಬೆಕ್ಕು ಬಿಸಿಲಿಗೆ ಕಿವಿಯೊಡ್ಡಿ ಮಲಗಿದ್ದನ್ನು ಕಂಡು ಒಳಗೆ ನುಗ್ಗಿ, ಸಾಲಿನಲ್ಲಿ ನಿಂತ ಗಿರಾಕಿಗಳ ಮುಂದೆಯೇ, “ನಿನ್ನ ಮೂಗಿಗೆ ಹಚ್ಚೋ ಬಿಸಿಲಿನ ಕ್ರೀಮನ್ನ ಅದರ ಕಿವಿಗೂ ಹಚ್ಚಿದ್ರೆ ಏನು ಗಂಟು ಹೋಗುತ್ತೆ? ಬಿಳೀ ಬೆಕ್ಕಿನ ಕಿವಿಗೆ ಈ ಬಿಸಿಲು ಅಂದ್ರೆ ಕ್ಯಾನ್ಸರ್ ಕಣೋ. ಬೆಕ್ಕಿನದು ಅಂತ ಬರೆದಿರೋ ಕ್ರೀಮೇ ತಗೋ, ನಿಂದು ನೆಕ್ಕಿದ್ರೆ ವಿಷ,” ಎಂದು ಒಂದೇ ಉಸಿರಿನಲ್ಲಿ ಬೈದು, ಉಪದೇಶಿಸಿ, ತಿದ್ದಿ ಬಂದಿದ್ದರು. ನೊರೀನ್ ಅವರ ಅರುವತ್ತನೆಯ ಹುಟ್ಟುಹಬ್ಬಕ್ಕೆ ಯಾರೋ ಲಿಲ್ಲಿ ಹೂವಿನ ಗುಚ್ಛ ತಂದಿದ್ದರು. ಪಾಸ್ಕೋ ಅದನ್ನು ಹೂದಾನಿಯ ಸಮೇತ ಎತ್ತಿಕೊಂಡು ಹೋಗಿ ಬೀದಿಯ ಕಸದ ಡಬ್ಬಿಗೆ ಹಾಕಿ, ಕೈ ತೊಳೆದು ಬಂದು, ಏನೂ ಆಗದವರಂತೆ ಕೇಕಿಗೆ ತಟ್ಟೆ ಒಡ್ಡಿದರು. “ಒಂದು ಎಸಳು ನೆಕ್ಕಿದ್ರೆ ಸಾಕು, ಬೆಕ್ಕಿನ ಕಿಡ್ನಿ ಹೋಯ್ತು. ಹೂದಾನಿ ಬೇರೆ ತಂದ್ಕೊಡ್ತೀನಿ ಬಿಡು,” ಎಂದರು. ತಂದುಕೊಡಲಿಲ್ಲ.

ಅವರ ಆತ್ಮವಿಶ್ವಾಸಕ್ಕೆ ನಾನೂ ಒಮ್ಮೆ ಬಲಿಯಾದವನೇ. ನನ್ನ ಬೆಕ್ಕಿನ ಹೆಸರು ಮೆಂತ್ಯ. ಕಣ್ಣಿನ ಬಣ್ಣ ನೋಡಿ ಇಟ್ಟ ಹೆಸರು. ಅದಕ್ಕೆ ಮಾತ್ರೆ ತಿನ್ನಿಸಲು ಹೋಗಿ, ಮುಂಗೈಯೆಲ್ಲ ಗೀರಿಸಿಕೊಂಡು, ಮಾತ್ರೆಯನ್ನು ಮೂರನೆಯ ಸಲ ಸೋಫಾದ ಕೆಳಗಿನಿಂದ ಹೆಕ್ಕಿ, ಬೇಲಿಯ ಬಳಿಗೆ ಹೋಗಿ ಗೋಳು ಹೇಳಿಕೊಂಡೆ.

“ಮಾತ್ರೆಗೆ ರುಚೀನೇ ಇಲ್ಲ ಕಣಯ್ಯ,” ಎಂದರು. “ಬೆಕ್ಕು ನಾಟಕ ಆಡುತ್ತೆ. ನೀನು ಪ್ರೇಕ್ಷಕ ಆಗ್ಬೇಡ.”

“ಬಾಯಲ್ಲಿ ನೊರೆ ಬರ್ತಿದೆ ಮರ್ವ್.”

“ಮೇಕಪ್ಪು.”

ಮಾತ್ರೆಗೆ ರುಚಿಯಿಲ್ಲವೆಂಬ ಈ ಮಾತನ್ನು ಅವರು ನಲವತ್ತೊಂದು ವರ್ಷ, ಸಾವಿರಾರು ಮಂದಿಗೆ, ಗೀರಿಸಿಕೊಂಡ ಸಾವಿರಾರು ಮುಂಗೈಗಳನ್ನು ನೋಡಿಯೂ ನೋಡದಂತೆ ಹೇಳಿದ್ದರು.

ಗ್ರಂಥಾಲಯದ ಆ ಉಪನ್ಯಾಸದಲ್ಲಿ ಅವರು ಪ್ಯಾಂಟನ್ನು ಕಳೆದುಕೊಳ್ಳುವುದಕ್ಕೆ ಮುಂಚೆ ಹೇಳಿದ್ದು ಮತ್ತೆರಡು ಮಾತು. ಒಂದು ಇದು: “ಬೆಕ್ಕು ಕಾಯಿಲೆ ಬಿದ್ರೆ ಹೇಳ್ಕೊಳ್ಳಲ್ಲ. ಅದಕ್ಕೇ ತೂಕ ನೋಡಿ. ಇನ್ನು, ಮುದಿ ಬೆಕ್ಕು ಇದ್ದಕ್ಕಿದ್ದ ಹಾಗೆ ಮರಿ ಥರ ಆಡೋಕೆ ಶುರು ಮಾಡ್ತು, ಗಬಗಬ ತಿನ್ನುತ್ತೆ, ಪರದೆ ಹತ್ತುತ್ತೆ ಅಂದ್ರೆ, ನಮ್ಮಜ್ಜಿಗೆ ಪ್ರಾಯ ಬಂತು ಅಂತ ಕುಣೀಬೇಡಿ. ಡಾಕ್ಟರ ಹತ್ರ ಹೋಗಿ. ಪ್ರಾಯ ಅಲ್ಲ ಅದು, ಥೈರಾಯ್ಡು.” ಇನ್ನೊಂದು, ಹೋಗಲೊಲ್ಲದ ಬೆಕ್ಕನ್ನು ಕರೆದೊಯ್ಯುವ ಉಪಾಯ: “ಬುಟ್ಟೀನ ಹೊರಡೋ ದಿನ ತೆಗೀಬೇಡಿ. ಮೂರು ದಿನ ಮುಂಚೇನೇ ಬಾಗಿಲು ತೆಗೆದು ಇಟ್ಬಿಡಿ, ಒಳಗೆ ತಿನ್ನೋಕೇನಾದ್ರೂ ಹಾಕಿ. ಕರೀಬೇಡಿ, ನೋಡ್ಲೂಬೇಡಿ. ತಾನಾಗೇ ಹೋಗಿ ಕೂರುತ್ತೆ. ಬೆಕ್ಕಿನ ಮಾನ ಬೆಕ್ಕಿನ ಕೈಲೇ ಇರ್ಲಿ.”

ಆ ಚಳಿಗಾಲದಲ್ಲಿ ಊರಿಗೆ ಊರೇ ಪಾಸ್ಕೋ ಅವರನ್ನು ಹೊಗಳುತ್ತಿತ್ತು. ಎಪ್ಪತ್ತೆರಡರ ಮನುಷ್ಯ ಏಣಿ ಹಾಕಿ ಚಾವಣಿಯಂಚಿನ ಮಳೆನೀರಿನ ದೋಣಿ ತೊಳೆದರು, ಶೆಡ್ಡಿಗೆ ಬಣ್ಣ ಬಳಿದರು, ಬಣ್ಣ ಇಷ್ಟವಾಗಲಿಲ್ಲವೆಂದು ಮತ್ತೊಮ್ಮೆ ಬಳಿದರು. ಐದು ಬೀದಿಯ ಸುತ್ತು ಒಂಬತ್ತು ಬೀದಿಗೆ ಬೆಳೆಯಿತು. ಬೇಕರಿಯಲ್ಲಿ ಒಂದು ಮಾಂಸದ ಪೈ ತಿನ್ನುತ್ತಿದ್ದವರು ಮೂರು ತಿನ್ನತೊಡಗಿದರು. ಹುಲ್ಲಿನ ಮೇಲೆ ಇಬ್ಬನಿ ಗಾಜಾಗುವ ಜುಲೈನಲ್ಲಿ ಆ ಐತಿಹಾಸಿಕ ಹಸಿರು ಕೋಟು ಗೂಟಕ್ಕೆ ನೇತಾಡುತ್ತಿತ್ತು, ಇವರು ಅರೆತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದರು. “ನಿವೃತ್ತಿ ಅಂದ್ರೆ ಹೀಗಿರ್ಬೇಕು ನೋಡಿ. ಮರ್ವ್‌ಗೆ ಇಪ್ಪತ್ತು ವರ್ಷ ಕಮ್ಮಿಯಾಗಿದೆ,” ಎಂದರು ನೊರೀನ್. ವರ್ಷ ಕಮ್ಮಿಯಾಗಿರಲಿಲ್ಲ, ಪಾಪ. ಅವರ ಚಹಾದ ಬಟ್ಟಲು ತಟ್ಟೆಯ ಮೇಲೆ ಟಕಟಕ ಎನ್ನುತ್ತಿದ್ದದ್ದನ್ನು ನಾನು ಕೇಳಿದ್ದೆ. ಅದು ಬಟ್ಟಲಿನ ದೋಷವೆಂದು ತೀರ್ಮಾನಿಸಿದ್ದೆ. ಅಂಚೆ ತರುವ ಹುಡುಗಿಯ ಮೇಲೆ ಒಮ್ಮೆ ಕಾರಣವಿಲ್ಲದೆ ಹರಿಹಾಯ್ದು, ಮರುದಿನ ಹೋಗಿ ಕ್ಷಮೆ ಕೇಳಿದ್ದರು.

ಅಕ್ಟೋಬರಿನಲ್ಲಿ, ಅಣ್ಣನ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಹೋಬಾರ್ಟಿಗೆ ಹೊರಟ ಪಾಸ್ಕೋ ಮನೆಯ ಬೀಗದಕೈಯನ್ನು ನನಗೆ ಕೊಟ್ಟರು. “ಮೇಷ್ಟ್ರೇ, ಊಟ ಎರಡು ಹೊತ್ತು. ಶನಿವಾರ ಮರೀದೆ ತೂಗಿ ಪುಸ್ತಕದಲ್ಲಿ ಬರಿ. ಜೋನ್ ಬೆಕ್ಕು ಅದು, ಒಂದು ವಾರವೂ ತಪ್ಪಿಸಿಲ್ಲ ನಾನು,” ಎಂದರು. ಜೋನ್ ಅವರ ಹೆಂಡತಿ. ಒಂಬತ್ತು ವರ್ಷದ ಹಿಂದೆ ತೀರಿಕೊಂಡವರು.

ಶನಿವಾರ ಡಚೆಸ್ಸಳನ್ನು ಎತ್ತಿಕೊಂಡು ನಿಂತೆ, ಇಳಿಸಿ ನಿಂತೆ, ಪುಸ್ತಕ ತೆರೆದೆ. ಪುಟವನ್ನು ಮೇಲಿನಿಂದ ಕೆಳಕ್ಕೆ ಮೂರು ಸಾಲಾಗಿ ಗೆರೆ ಎಳೆದು, ಮೇಲೆ ಅಚ್ಚುಕಟ್ಟಾಗಿ ‘ಇಬ್ಬರೂ’, ‘ನಾನು’, ‘ಅವಳು’ ಎಂದು ತಲೆಬರಹ ಕೊಟ್ಟಿದ್ದರು. ಮೂರನೆಯ ಸಾಲಿನ ಒಂದೊಂದು ಅಂಕಿಯ ಕೆಳಗೂ ಕೆಂಪು ಪೆನ್ಸಿಲಿನ ಗೆರೆ: ನಾಲ್ಕು ಪಾಯಿಂಟ್ ಎರಡು, ನಾಲ್ಕು ಪಾಯಿಂಟ್ ಎರಡು, ನಾಲ್ಕು ಪಾಯಿಂಟ್ ಮೂರು, ಮತ್ತೆ ಎರಡು. ಕಾನ್ವೆಂಟಿನಲ್ಲಿ ನನಗೆ ಕಳೆಯುವ ಲೆಕ್ಕ ಕಲಿಸಿದ ಸಿಸ್ಟರ್ ಬೆನೆಡಿಕ್ಟಾ, ಉತ್ತರ ಸರಿಯಿದ್ದರೂ ಮೇಲಿನ ಸಾಲನ್ನು ಬೆರಳಿಟ್ಟು ಓದಿಸುತ್ತಿದ್ದರು, ಓದದಿದ್ದರೆ ಅದೇ ಬೆರಳಿನ ಮೇಲೆ ಅಡಿಕೋಲು. ಆ ಹಳೆಯ ಭಯದಿಂದಲೋ ಏನೋ, ನನ್ನ ಬೆರಳು ‘ನಾನು’ ಎಂಬ ಸಾಲಿಗೆ ಹೋಯಿತು. ಏಪ್ರಿಲ್ ಮೊದಲ ಶನಿವಾರ ಎಂಬತ್ತೊಂದು ಪಾಯಿಂಟ್ ನಾಲ್ಕು. ಜೂನಿನಲ್ಲಿ ಎಪ್ಪತ್ತೆಂಟು. ಆಗಸ್ಟಿನಲ್ಲಿ ಎಪ್ಪತ್ತೈದು. ಕಳೆದ ಶನಿವಾರ ಎಪ್ಪತ್ತೆರಡು ಪಾಯಿಂಟ್ ಎರಡು. ಇಪ್ಪತ್ತಾರು ವಾರ ತಮ್ಮ ಕೈಯಾರೆ, ತಪ್ಪಿಲ್ಲದ ಅಂಕಿಗಳಲ್ಲಿ, ಆ ಮನುಷ್ಯ ತಾನು ಕರಗುತ್ತಿರುವುದನ್ನು ಬರೆದು, ಬರೆದದ್ದನ್ನು ಕಳೆದು, ಉಳಿದದ್ದಕ್ಕೆ ಮಾತ್ರ ಕೆಂಪು ಗೆರೆ ಹಾಕಿದ್ದರು.

ಅವರು ಹಿಂದಿರುಗಿದ ಬೆಳಗ್ಗೆ ಬೇಲಿಯ ಬಳಿ ಕಾದುನಿಂತೆ.

“ಮರ್ವ್, ಒಂದು ಕೇಸು ಕೇಳ್ಬೇಕಿತ್ತು.”

“ಕೇಳು. ಮುಟ್ಟಲ್ಲ, ಕೇಳ್ತೀನಿ ಅಷ್ಟೆ.”

“ಗಂಡು. ವಯಸ್ಸಾಗಿದೆ. ಆರು ತಿಂಗಳಲ್ಲಿ ನೂರಕ್ಕೆ ಹನ್ನೊಂದರಷ್ಟು ತೂಕ ಇಳಿದಿದೆ.”

“ಊಟ ಬಿಟ್ಟಿದೆಯಾ?”

“ಎಲ್ಲಿ ಬಂತು! ಮೊದಲಿನ ಮೂರರಷ್ಟು ತಿನ್ನುತ್ತೆ.”

“ಓಡಾಟ?”

“ನಿಂತಲ್ಲಿ ನಿಲ್ಲಲ್ಲ. ಚಾವಣಿ ಹತ್ತುತ್ತೆ.”

“ಸಿಟ್ಟು?”

“ಅಂಚೆಯವಳ ಮೇಲೆ ಹಾರಿಬಿದ್ದಿತ್ತು.”

“ಚಳೀಲಿ ಮುದುರ್ಕೊಳ್ಳುತ್ತಾ?”

“ಇಲ್ಲ, ಕೋಟೇ ಹಾಕ್ಕೊಳ್ಳಲ್ಲ.”

“ಥೈರಾಯ್ಡು!” ಎಂದು ಪಾಸ್ಕೋ ಬೇಲಿಯ ಹಲಗೆಗೆ ಗುದ್ದಿದರು. ಕಣ್ಣಿನಲ್ಲಿ ನಲವತ್ತು ವರ್ಷದ ಬೆಳಕು ಒಟ್ಟಿಗೆ ಹೊತ್ತಿತು. “ಬೆನ್ನು ತೋರಿಸಿದ್ರೆ ಸಾಕು, ಹೇಳ್ಬಿಡ್ತೀನಿ. ಯಾವ ದಡ್ಡನ ಬೆಕ್ಕಯ್ಯ ಅದು? ಆರು ತಿಂಗಳಿಂದ ಏನು ನೋಡ್ತಿದ್ದ ಅವನು? ಹೀಗೇ ಬಿಟ್ರೆ ಎದೆ ನಿಂತುಹೋಗುತ್ತೆ ಒಂದಿನ. ಇವತ್ತೇ ಎಳ್ಕೊಂಡು…” ಎಂದವರು ಅಲ್ಲಿಗೇ ನಿಲ್ಲಿಸಿದರು. “ಕೋಟು ಅಂದ್ಯಾ?”

ನಾನು ಪುಸ್ತಕವನ್ನು ಬೇಲಿಯ ಮೇಲಿಟ್ಟು ನಡುವಿನ ಸಾಲಿಗೆ ಬೆರಳಿಟ್ಟೆ.

ಬಹಳ ಹೊತ್ತು ಓದಿದರು. ಮೊದಲ ಸಲ ಓದುತ್ತಿರುವವರ ಹಾಗೆ, ತಮ್ಮದೇ ಕೈಬರಹವನ್ನು. ಆಮೇಲೆ ಸೊಂಟದ ಬೆಲ್ಟನ್ನು ಮುಟ್ಟಿ ನೋಡಿಕೊಂಡರು. ಅದರಲ್ಲಿ ಮೊಳೆಯಿಂದ ಹೊಡೆದ ಹೊಸ ತೂತುಗಳು ಮೂರಿದ್ದವು. “ಚರ್ಮ ಹಿಗ್ಗಿದೆ ಅಂದ್ಕೊಂಡಿದ್ದೆ,” ಎಂದರು.

“ಬ್ರಿಯೋನಿ ಹತ್ರ ಹೋಗೋಣ ಬನ್ನಿ,” ಎಂದೆ. ಬ್ರಿಯೋನಿ ನಮ್ಮೂರಿನ ಡಾಕ್ಟರು, ಮನುಷ್ಯರ ಡಾಕ್ಟರು.

“ಬೇಡ.”

“ಥೈರಾಯ್ಡು ಅಂತ ನೀವೇ ಅಂದ್ರಲ್ಲ.”

“ಥೈರಾಯ್ಡು ಆದ್ರೆ ಸರಿ. ತೂಕ ಇಳಿಯೋಕೆ ಅದೊಂದೇ ಕಾರಣವೇನಯ್ಯ? ಬೇರೆಯವರ ಬೆಕ್ಕಾದ್ರೆ ಮೊದಲ್ನೇ ಊಹೆ ಹೇಳ್ಬಿಡಬಹುದು. ಎರಡನೇದೂ ಒಂದಿರುತ್ತೆ, ಅದನ್ನ ಬಾಯಿ ಬಿಟ್ಟು ಹೇಳಲ್ಲ ನಾವು.” ಅವರು ಪುಸ್ತಕವನ್ನು ಮುಚ್ಚಿದರು. “ಜೋನ್‌ಗೂ ಅಷ್ಟೆ, ಸುಮ್ಮನೆ ಒಂದು ರಕ್ತ ಪರೀಕ್ಷೆ ಅಂತ ಕರ್ಕೊಂಡು ಹೋಗಿದ್ದೆ. ನಾನಿಲ್ಲಾಂದ್ರೆ ಇವಳನ್ನ ತೂಗೋರು ಯಾರು?” ಎಂದು ಕಿಟಕಿಯಲ್ಲಿ ಕುಳಿತ ಡಚೆಸ್ಸಳನ್ನು ತೋರಿಸಿ, ಓರೆನಡಿಗೆಯಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದು ಸುತ್ತಿಗೂ ಹೊರಡಲಿಲ್ಲ. ಮರುದಿನವೂ ಇಲ್ಲ. ಒಂಬತ್ತು ಬೀದಿಯ ಬೆಕ್ಕುಗಳು ಕಿಟಕಿಯಲ್ಲಿ ಕಾದವು.

ಬಲವಂತ ಮಾಡಿದರೆ ಮಂಚದ ಕೆಳಗೆ ಸೇರುವ ಜಾತಿ ಇದು ಎಂದು ನನಗೆ ಗೊತ್ತಿತ್ತು. ಉಪಾಯವನ್ನೂ ಅವರೇ ಹೇಳಿಕೊಟ್ಟಿದ್ದರು. ನನ್ನ ಕಾರನ್ನು ತಂದು ಅವರ ಅಂಗಳದಲ್ಲಿ ನಿಲ್ಲಿಸಿ, ಪಕ್ಕದ ಸೀಟಿನ ಬಾಗಿಲನ್ನು ತೆರೆದಿಟ್ಟು, ಸೀಟಿನ ಮೇಲೆ ಅವರ ಜಗಲಿಯ ಗೂಟದಿಂದ ತಂದ ಆ ಹಸಿರು ಕೋಟನ್ನು ಹಾಸಿ, ಅದರ ಮೇಲೆ ಬೇಕರಿಯ ಬಿಸಿ ಮಾಂಸದ ಪೈಯೊಂದನ್ನು ಕಾಗದದಲ್ಲಿ ಸುತ್ತಿಟ್ಟೆ. ಕರೆಯಲಿಲ್ಲ. ಆ ಕಡೆ ನೋಡಲೂ ಇಲ್ಲ. ಮೊದಲ ದಿನ ಪರದೆ ಸರಿಯಿತು, ಮುಚ್ಚಿತು. ಎರಡನೆಯ ದಿನ ಪೈ ಮಾಯವಾಗಿತ್ತು, ಮನುಷ್ಯ ಕಾಣಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ನೊರೀನ್ ನಿಂತು, “ಮೇಷ್ಟ್ರೇ, ಕಾರಿನ ಬಾಗಿಲು ಹಾಕೋದು ಮರೆತಿದ್ದೀರಿ,” ಎಂದರು. “ಮರೆತಿಲ್ಲ, ಬೋನು,” ಎಂದೆ. ನನ್ನನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ, ಹೋಗಿ ಇನ್ನೊಂದು ಪೈ ತಂದಿಟ್ಟರು.

ಮೂರನೆಯ ಬೆಳಗ್ಗೆ ಒಂಬತ್ತಕ್ಕೆ ನೋಡುತ್ತೇನೆ, ಪಾಸ್ಕೋ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಸೀಟಿನಲ್ಲಿ ಕುಳಿತು ಪೈ ತಿನ್ನುತ್ತಿದ್ದಾರೆ.

“ನನ್ನ ಮಂತ್ರಾನ ನನಗೇ ಹಾಕ್ತೀಯೇನಯ್ಯ?” ಎಂದರು ಬಾಯಿ ತುಂಬಿಕೊಂಡು.

“ಫಲಿಸ್ತಲ್ಲ.”

“ಫಲಿಸದೇ ಏನು, ಮಂತ್ರ ಯಾರದ್ದು? ಬಾಗಿಲು ಮೆಲ್ಲಗೆ ಹಾಕು. ಶಬ್ದ ಮಾಡಿದ್ರೆ ಇಳಿದು ಓಡ್ತೀನಿ.”

ಪಾಸ್ಕೋ ಅವರ ಹಿಂದೆ ನಿಂತು ಬ್ರಿಯೋನಿ ಗಂಟಲಿನ ಇಕ್ಕೆಲದಲ್ಲೂ ಎರಡು ಬೆರಳನ್ನು ಮೇಲಿನಿಂದ ಕೆಳಗೆ ಜಾರಿಸಿದಳು. ಆ ಬೆರಳಿನ ಚಲನೆಯನ್ನು ನಾನು ಸಾವಿರ ಸಲ ನೋಡಿದ್ದೆ, ಬೆಕ್ಕುಗಳ ಕೊರಳಲ್ಲಿ. ರಕ್ತ ಪರೀಕ್ಷೆ ಆಯಿತು, ಇನ್ನೊಂದೆರಡು ಸ್ಕ್ಯಾನ್‌ಗಳೂ ಆದವು. ಐದನೆಯ ದಿನ ಕರೆದು ಕೂರಿಸಿದಾಗ ಪಾಸ್ಕೋ ಆಕೆಯ ಮುಖವನ್ನು ನೋಡದೆ ಗೋಡೆಯನ್ನು ನೋಡುತ್ತ, “ಎರಡನೇದಾ?” ಎಂದರು.

“ಮೊದಲ್ನೇದೇ. ಥೈರಾಯ್ಡು. ನಿಮ್ಮ ಊಹೆ ಸರಿ,” ಎಂದಳು ಬ್ರಿಯೋನಿ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ನನಗೆ ಏಳು ವರ್ಷ ಇದ್ದಾಗ ನನ್ನ ಗಿನಿ ಇಲಿ ಎತ್ಕೊಂಡು ನಿಮ್ಮ ಹತ್ರ ಅಳ್ತಾ ಬಂದಿದ್ದೆ, ನೆನಪಿದೆಯಾ? ‘ಇದು ಸಾಯುತ್ತಾ’ ಅಂತ ಕೇಳ್ದೆ. ನೀವೇನಂದ್ರಿ?”

“ಸಾಯುತ್ತೆ, ಆದ್ರೆ ಈ ವಾರ ಅಲ್ಲ ಅಂದಿದ್ದೆ.”

“ಸಾಯ್ತೀರಿ ಮರ್ವ್. ಆದ್ರೆ ಈ ವಾರ ಅಲ್ಲ.”

ಅವರು ಆಕೆಯ ಕಡೆ ತಿರುಗಿ, ಎರಡೂ ಕಣ್ಣುಗಳನ್ನು ನಿಧಾನವಾಗಿ ಮುಚ್ಚಿ, ನಿಧಾನವಾಗಿ ತೆರೆದರು. ಬ್ರಿಯೋನಿ ನಮ್ಮೂರ ಹುಡುಗಿ. ಅವಳೂ ಹಾಗೇ ಮಾಡಿದಳು.

ಈಗ ಅವರ ಮುಖಕ್ಕೆ ಕಳೆ ಮರಳಿದೆ. ಸುತ್ತು ಮತ್ತೆ ಐದು ಬೀದಿಗೆ ಇಳಿದಿದೆ, ಪೈ ಒಂದಕ್ಕೆ ಇಳಿದಿದೆ, ಶೆಡ್ಡಿನ ಬಣ್ಣ ಒಂದೇ ಬಣ್ಣವಾಗಿ ಉಳಿದಿದೆ. ಶನಿವಾರದ ಪುಸ್ತಕದಲ್ಲಿ ‘ನಾನು’ ಸಾಲಿನ ಕೆಳಗೂ ಗೆರೆ ಬೀಳುತ್ತಿದೆ; ಆದರೆ ಅದು ಕೆಂಪಲ್ಲ, ಸಾಧಾರಣ ಸೀಸದ ಕಡ್ಡಿಯದು. ಕೆಂಪು ಇನ್ನೂ ಡಚೆಸ್ಸಳಿಗೇ ಮೀಸಲು.

ಮೂಕಜೀವಗಳನ್ನು ಓದುವುದರಲ್ಲಿ ಆಯುಷ್ಯ ಸವೆಸಿದ ಜನರದು ಒಂದು ಪಂಗಡವೇ ಇದೆ. ನಿಂತ ಭಂಗಿಯಲ್ಲಿ ನೋವನ್ನೂ, ಬೇಗ ಬರಿದಾಗುವ ನೀರಿನ ಬಟ್ಟಲಿನಲ್ಲಿ ಮೃತ್ಯುವನ್ನೂ ಗುರುತಿಸಬಲ್ಲ ಇವರು, ಗುರುತಿಸುವಾಗ ತಮ್ಮನ್ನು ಲೆಕ್ಕದಿಂದ ಹೊರಗಿಡಲೇಬೇಕು. ಎತ್ತಿಕೊಂಡವನ ಭಾರವನ್ನು ಕಳೆಯದೆ ಎತ್ತಲ್ಪಟ್ಟದ್ದರ ತೂಕ ತಿಳಿಯುವುದಿಲ್ಲ. ನಲವತ್ತು ವರ್ಷ ಹೀಗೆ ತಮ್ಮನ್ನು ಕಳೆದು ಕಳೆದು, ಕೊನೆಗೊಂದು ದಿನ ನಿಜಕ್ಕೂ ಕಳೆದುಹೋಗುತ್ತಿರುವಾಗಲೂ ಅದು ಲೆಕ್ಕದ ಒಂದು ಹಂತವೆಂದೇ ಅವರಿಗೆ ತೋರುತ್ತದೆ. ಅಂಥವರ ಪುಸ್ತಕದ ನಡುವಿನ ಸಾಲನ್ನು ಓದಲು ಬೇಲಿಯಾಚೆಗೊಬ್ಬರು ಬೇಕು, ಕರೆಯದೆ ಕಾಯುವಷ್ಟು ತಾಳ್ಮೆಯೂ ಒಂದು ಪೈಯೂ ಬೇಕು.

ಇಷ್ಟೆಲ್ಲ ಭಾರವಾದ ವಿಚಾರಗಳನ್ನು ತಲೆಯಲ್ಲಿ ತುಂಬಿಕೊಂಡು ಮೊನ್ನೆ ಬೇಲಿಯ ಬಳಿ ನಿಂತಿದ್ದೆ. ಪಾಸ್ಕೋ ಹಸಿರು ಕೋಟಿನ ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದರು. ಬೆಕ್ಕುಗಳಿಗೆ ಕೊಡುವುದೂ ಮನುಷ್ಯರಿಗೆ ಕೊಡುವುದೂ ಒಂದೇ ಔಷಧವೆಂದು ಅವರೇ ಹೇಳಿದ್ದರು.

“ಮರ್ವ್,” ಎಂದೆ, “ಇದನ್ನ ಸಾವಿರಾರು ಬೆಕ್ಕುಗಳ ಬಾಯಿಗೆ ನೀವು ಹಾಕಿದ್ದೀರಿ. ಈಗ ಅದೇ ಮಾತ್ರೆ ನಿಮ್ಮ ಬಾಯಿಗೆ. ಏನನ್ನಿಸುತ್ತೆ?”

ಬೇಲಿಗೆ ಭುಜ ತಾಗಿಸಿ, ಕೊಲ್ಲಿಯ ಕಡೆ ತಿರುಗಿದರು.

“ಒಂದನ್ನ ಅಗಿದು ನೋಡ್ದೆ,” ಎಂದರು. “ಕಹಿ ಕಣಯ್ಯ. ನಿನ್ನ ಮೆಂತ್ಯಗೆ ನನ್ನ ಪರವಾಗಿ ಸಾರಿ ಹೇಳ್ಬಿಡು.”